ಕುಂಬಾರನಿಗೆ ಶಾಲು ಬೇಡ, ಜಗಳವಾಡುವ ಗಿರಾಕಿ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಗೆ ಕುಂಬಾರರು ವರ್ಷಕ್ಕೆ ಎರಡು ಸಲ ನೆನಪಾಗುತ್ತಾರೆ. ಬಿಸಿಲು ಏರಿದಾಗ ರಸ್ತೆ ಬದಿಯ ಗಡಿಗೆಗಳ ಚಿತ್ರ ಬರುತ್ತದೆ. ಕೆಳಗೆ ‘ಬಡವರ ಫ್ರಿಜ್‌ಗೆ ಬೇಡಿಕೆ’ ಎಂದಿರುತ್ತದೆ. ದೀಪಾವಳಿಯ ಹಿಂದಿನ ವಾರ ಪಣತಿಗಳ ಚಿತ್ರ ಬರುತ್ತದೆ. ಕೆಳಗೆ ‘ಸಂಕಷ್ಟದಲ್ಲಿ ಕುಂಬಾರರು’ ಎಂದಿರುತ್ತದೆ. ಎರಡರಲ್ಲೂ ಒಬ್ಬ ಹಿರಿಯರು ತಿಗರಿಯ ಮುಂದೆ ಕುಳಿತಿರುತ್ತಾರೆ. ಎರಡೂ ‘ಸರ್ಕಾರ ಇತ್ತ ಗಮನ ಹರಿಸಬೇಕಿದೆ’ ಎಂಬಲ್ಲಿಗೆ ಮುಗಿಯುತ್ತವೆ. ವರದಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಗಡಿಗೆ ಸರಿಯಾಗಿ ಬೆಂದಿದೆಯೇ, ಅದರಲ್ಲಿ ಏನಿಟ್ಟರೆ ರುಚಿ, ಏನಿಟ್ಟರೆ ಕೆಡುತ್ತದೆ ಎಂದು ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಇಳಕಲ್ ಸೀರೆಯ ಬಗ್ಗೆ ಬರೆಯುವಾಗ ಸೆರಗು, ಅಂಚು, ನೂಲಿನ ಮಾತು ಬರುತ್ತದೆ. ಗಡಿಗೆಯ ಬಗ್ಗೆ ಬರೆಯುವಾಗ ಮಾತ್ರ ಬರೀ ಕನಿಕರ.

ನಾನು ಬಾಗಲಕೋಟೆಯ ನವನಗರದಲ್ಲಿ ಖಾನಾವಳಿ ನಡೆಸುತ್ತೇನೆ. ಶುರು ಮಾಡಿದವರು ನಮ್ಮ ಅತ್ತೆ, ಹಳೇ ಊರಿನಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಓಣಿಗೆ ಓಣಿಯೇ ಎದ್ದಾಗ ನಾವೂ ಹಂಚು, ಪರಾತ ಹೊತ್ತುಕೊಂಡು ಇಲ್ಲಿಗೆ ಬಂದೆವು. ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಇಷ್ಟೇ ನಮ್ಮ ಅಡುಗೆ. ನಮ್ಮಲ್ಲಿ ಮೊಸರು, ಮಜ್ಜಿಗೆ, ನೀರು, ಕೆಲವು ಪಲ್ಯಗಳು ಮಣ್ಣಿನ ಪಾತ್ರೆಯಲ್ಲಿಯೇ ಗಿರಾಕಿಯ ಮುಂದೆ ಬರುತ್ತವೆ. ಹಾಗಾಗಿ ಮಣ್ಣಿನ ಪಾತ್ರೆಯೊಂದಿಗೆ ನನ್ನ ಸಂಬಂಧ ಕಲಾರಸಿಕಳದ್ದಲ್ಲ. ದಿನವೂ ಬಡಿಸಿ, ದಿನವೂ ತೊಳೆಯುವವಳದ್ದು. ಆ ಅಧಿಕಾರದಿಂದಲೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ. ಕತ್ತರಿಸಲೇಬೇಕಾದರೆ ಯೋಜನೆಗಳ ಮಾತು ಕತ್ತರಿಸಿ, ತೊಳೆಯುವ ಮಾತನ್ನು ಬಿಡಬೇಡಿ.

ನನ್ನ ತಕರಾರು ಇಷ್ಟೇ. ಕುಂಬಾರರು ಕಳೆದುಕೊಂಡದ್ದು ಸರ್ಕಾರವನ್ನಲ್ಲ, ಗಿರಾಕಿಯನ್ನು. ಅದರಲ್ಲಿಯೂ ಬಯ್ಯುವ ಗಿರಾಕಿಯನ್ನು.

ನಮ್ಮ ಅತ್ತೆ ಗಡಿಗೆ ಕೊಳ್ಳುವುದನ್ನು ನೀವು ನೋಡಬೇಕಿತ್ತು. ಮೊದಲು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು. ಠಣ್ ಎಂದರೆ ಮುಂದಿನ ಪರೀಕ್ಷೆ, ದಬ್ ಎಂದರೆ ಎಲ್ಲಿಯೋ ಸೀಳು ಇದೆ, ಪಕ್ಕಕ್ಕೆ. ಆಮೇಲೆ ತಳವನ್ನು ಸೂರ್ಯನ ಕಡೆ ಹಿಡಿದು, ಗಡಿಗೆಯ ಬಾಯಿಗೆ ಕಣ್ಣಿಟ್ಟು, ಎಲ್ಲಿಯಾದರೂ ಬೆಳಕು ಚುಕ್ಕೆಯಾಗಿ ಕಾಣುತ್ತದೆಯೇ ಎಂದು ತಿರುಗಿಸುತ್ತಿದ್ದರು. ಕೊನೆಗೆ, ಯಾರು ನೋಡಿದರೂ ಸರಿ, ನಾಲಿಗೆಯ ತುದಿಯನ್ನು ಗಡಿಗೆಯ ಮೈಗೆ ತಾಗಿಸುತ್ತಿದ್ದರು. ನಾಲಿಗೆ ಗಟ್ಟಿಯಾಗಿ ಅಂಟಿದರೆ ಅದು ಅರೆಬೆಂದದ್ದು. ನೀರನ್ನು ತಂಪು ಮಾಡುವ ಬದಲು ನೆಲಕ್ಕೆ ಹರಿಸುತ್ತದೆ. ಕುಂಬಾರರು ಸಿಟ್ಟಾಗುತ್ತಿದ್ದರು, ಅತ್ತೆಯೂ ಸಿಟ್ಟಾಗುತ್ತಿದ್ದರು. ಪಾತ್ರೆಗೆ ಪ್ರತಿಯಾಗಿ ಜೋಳವನ್ನು ಆಯವಾಗಿ ಕೊಡುವ ಕಾಲ ಆಗ ಮುಗಿಯುತ್ತ ಬಂದಿತ್ತು. ಆದರೆ ಆಯ ಕೊಡುವವರ ದರ್ಪ ಅತ್ತೆಯಲ್ಲಿ ಉಳಿದಿತ್ತು. ಆ ದರ್ಪದಲ್ಲಿ ಅಹಂಕಾರವಿತ್ತು, ನಿಜ. ಪಾತ್ರೆಯ ಬಗ್ಗೆ ತಿಳಿವಳಿಕೆಯೂ ಇತ್ತು.

ಮದುವೆಗೆ ಐರಾಣಿ ಗಡಿಗೆ, ಸಾವಿಗೆ ಒಡೆಯುವ ಗಡಿಗೆ, ಗ್ರಹಣ ಕಳೆದ ಮೇಲೆ ಹೊಸ ಗಡಿಗೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು. ಹೀಗೆ ಕುಂಬಾರರ ಮಾರುಕಟ್ಟೆಯನ್ನು ಸಂಪ್ರದಾಯವೇ ಕಾಯುತ್ತಿತ್ತು. ಅಡುಗೆಮನೆಗೆ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡ ಬಂದಾಗ ಮೊದಲು ಹೋದದ್ದು ದಿನಬಳಕೆ, ಉಳಿದದ್ದು ಶಾಸ್ತ್ರ. ಶಾಸ್ತ್ರದ ಗಡಿಗೆಯನ್ನು ಯಾರೂ ಬಡಿದು ನೋಡುವುದಿಲ್ಲ. ಅರ್ಧ ಗಂಟೆ ಪೂಜೆಗೆ ನಿಂತರೆ ಸಾಕು. ಹಾಗಾಗಿ ಮಾಡುವವರೂ ಅರ್ಧ ಗಂಟೆಗೆ ಸಾಕಾಗುವಷ್ಟೇ ಬೇಯಿಸತೊಡಗಿದರು. ಪಣತಿಗೂ ಇದೇ ಗತಿ. ಎಣ್ಣೆ ಕುಡಿಯುವ ಪಣತಿ ಸರಿಯಾಗಿ ಬೆಂದಿಲ್ಲದ ಪಣತಿ ಎಂದು ಈಗ ಎಷ್ಟು ಮನೆಗಳಲ್ಲಿ ಹೇಳುತ್ತಾರೆ?

ಈಗ ಊಟದ ಮೇಜಿನ ಮಾತಿಗೆ ಬರುತ್ತೇನೆ. ನಗರಗಳಲ್ಲಿ ಮಣ್ಣಿನ ತಾಟು, ಬಟ್ಟಲಿನಲ್ಲಿ ಉಣ್ಣುವುದು ಹೊಸ ಹುಮ್ಮಸ್ಸಾಗಿದೆ. ಇದು ಹೊರಗಿನಿಂದ ಬಂದ ಶೋಕಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ನಮ್ಮ ಜಿಲ್ಲೆಯ ಐಹೊಳೆಯಲ್ಲಿ ಕ್ರಿ.ಶ. 634ರ ಶಾಸನವಿರುವ ಮೇಗುಟಿ ಗುಡಿಯ ಹತ್ತಿರವೇ ಅದಕ್ಕಿಂತ ಎಷ್ಟೋ ಹಳೆಯ ಕಲ್ಲುಗೋರಿಗಳಿವೆ. ಅಂಥ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಕಾಲದ ಜನ ಕರ್ನಾಟಕದ ಉದ್ದಗಲಕ್ಕೂ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ನುಣುಪಾದ ಬಟ್ಟಲು, ತಟ್ಟೆಗಳನ್ನು ಮಾಡುತ್ತಿದ್ದರು. ಬೋರಲು ಹಾಕಿ ಸುಟ್ಟರೆ ಗಾಳಿ ಸಿಗದ ಒಳಮೈ ಹೊಗೆ ಹಿಡಿದು ಕಪ್ಪಾಗುತ್ತದೆ, ಗಾಳಿ ಸಿಕ್ಕ ಹೊರಮೈ ಮಣ್ಣಿನ ಕಬ್ಬಿಣದಿಂದ ಕೆಂಪಾಗುತ್ತದೆ. ಅಂದರೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿನವರು ಊಟದ ಬಟ್ಟಲಿಗೆ ಅಷ್ಟು ಮುತುವರ್ಜಿ ವಹಿಸಿದ್ದರು.

ನಡುವೆ ಅದು ತಪ್ಪಿತು. ಎಂಜಲು, ಮೈಲಿಗೆಯ ಲೆಕ್ಕದಲ್ಲಿ ಮಣ್ಣಿನ ಪಾತ್ರೆಗೆ ಬಾಯಿ ತಾಗಿದರೆ ಅದನ್ನು ಶುದ್ಧ ಮಾಡಲಾಗದು, ಲೋಹವನ್ನು ಬೆಳಗಬಹುದು ಎಂಬ ನಂಬಿಕೆ ಬೇರೂರಿತು. ಉಣ್ಣಲು ಪತ್ರಾವಳಿ ಬಂತು, ಕಂಚಿನ ತಾಟು ಬಂತು. ಕುಂಬಾರರ ಕೈಗೆ ಉಳಿದದ್ದು ಬೇಯಿಸುವ, ತುಂಬಿಡುವ ಪಾತ್ರೆಗಳು: ಗಡಿಗೆ, ಹರವಿ, ಗುಡಾಣ, ರೊಟ್ಟಿಯ ಹಂಚು. ಇದನ್ನು ಯಾಕೆ ಹೇಳುತ್ತೇನೆಂದರೆ, ಇಂದು ನೀವು ಹಳ್ಳಿಯ ಕುಂಬಾರರ ಹತ್ತಿರ ಹೋಗಿ ‘ಊಟದ ತಾಟು ಮಾಡಿಕೊಡಿ’ ಎಂದರೆ ಅವರು ಹಿಂಜರಿಯುವುದು ಸೋಮಾರಿತನದಿಂದಲ್ಲ. ಅವರ ಅಜ್ಜನೂ ತಾಟು ಮಾಡಿದವನಲ್ಲ. ಮೇಲಾಗಿ ಗುಂಡಗಿನ ಗಡಿಗೆ ಬೆಂಕಿಯನ್ನು ತಾಳಿಕೊಂಡಂತೆ ಚಪ್ಪಟೆ ತಾಟು ತಾಳಿಕೊಳ್ಳುವುದಿಲ್ಲ. ತಾಟಿನ ಅಂಚು ಬೇಗ ಒಣಗುತ್ತದೆ, ನಡುಭಾಗ ತಡವಾಗಿ ಒಣಗುತ್ತದೆ. ಎರಡೂ ಜಗ್ಗಾಡಿ ತಳ ಸೀಳುತ್ತದೆ. ಅದೂ ತಪ್ಪಿದರೆ ಪಾತ್ರೆ ಸುಡುವ ಆವಿಗೆಯಲ್ಲಿ ಒಂದು ಕಡೆ ಉರಿ ಹೆಚ್ಚಾಗಿ ಅಂಚು ಮೇಲೇಳುತ್ತದೆ. ಹಾಗೆ ಸೊಟ್ಟಗಾದ ತಾಟು ಬೆಂಗಳೂರಿನ ಅಂಗಡಿಯಲ್ಲಿ ‘ಕೈಕೆಲಸದ ಸೊಗಸು’ ಎನ್ನಿಸಿಕೊಳ್ಳಬಹುದು. ನನ್ನ ಖಾನಾವಳಿಯಲ್ಲಿ ಸಾರು ಗಿರಾಕಿಯ ತೊಡೆಯ ಮೇಲೆ ಬೀಳುತ್ತದೆ.

ಅದಕ್ಕೇ ನಾನು ತಾಟಿನ ಆಸೆಗೆ ಹೋಗಲಿಲ್ಲ. ರೊಟ್ಟಿಗೆ ಸ್ಟೀಲಿನ ತಾಟೇ ಇರಲಿ. ಒಣ ಪದಾರ್ಥಕ್ಕೆ ಮಣ್ಣಿನ ಪಾತ್ರೆಯಿಂದ ಬರುವ ಲಾಭವೇನೂ ಇಲ್ಲ. ಮಣ್ಣಿನ ಗುಣ ತೋರುವುದು ನೀರು, ಮೊಸರು, ಮಜ್ಜಿಗೆಯಲ್ಲಿ. ಬೆಂದ ಮಣ್ಣಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವುಗಳಿಂದ ನೀರು ಹೊರಮೈಗೆ ಜಿನುಗಿ ಆರುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಮಳೆಗಾಲದಲ್ಲಿ ಅದೇ ಹರವಿ ಸುಮ್ಮನೆ ಕುಳಿತಿರುತ್ತದೆ. ಮೊಸರಿನ ವಿಷಯದಲ್ಲಿ ಆ ರಂಧ್ರಗಳು ತಿಳಿನೀರನ್ನು ಹೀರುತ್ತವೆ, ಮೊಸರು ಗಟ್ಟಿಯಾಗಿ ಕೂರುತ್ತದೆ. ಬಾದಾಮಿಯ ಬನಶಂಕರಿ ಗುಡಿಯ ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತು ರೊಟ್ಟಿ, ಗಡಿಗೆ ಮೊಸರು ಮಾರುವ ತಾಯಂದಿರಿಗೆ ಈ ವಿಜ್ಞಾನವನ್ನು ಯಾರೂ ಹೇಳಿಕೊಡಬೇಕಿಲ್ಲ. ಇಡೀ ನಾಡಿನಲ್ಲಿ ಮಣ್ಣಿನ ಪಾತ್ರೆಯಿಂದ ಉಣ್ಣುವ ಪದ್ಧತಿ ಯಾರ ಭಾಷಣದ ಹಂಗೂ ಇಲ್ಲದೆ ಉಳಿದಿರುವ ಜಾಗಗಳಲ್ಲಿ ಅದೂ ಒಂದು. ಉಳಿದದ್ದು ಯಾಕೆ? ಮೊಸರು ರುಚಿಯಾಗಿದೆ, ಅದಕ್ಕೆ.

ನಾನು ಗಡಿಗೆ ತರುವ ಹಿರಿಯರ ಊರು ಘಟಪ್ರಭಾ ದಂಡೆಯಲ್ಲಿದೆ. ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಿಲ್ಲ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಮೊಸರಿಗೆ ಒಬ್ಬೊಬ್ಬರಿಗೆ ಒಂದೊಂದರಂತೆ ಸಣ್ಣ ಬಟ್ಟಲು ಬೇಕೆಂದಾಗ ಕಾಕಾ ನಕ್ಕರು. ‘ಯವ್ವಾ, ಮಕ್ಕಳ ಆಟಿಗೆಯೇನು?’ ಎಂದರು. ಆದರೂ ಮಾಡಿ ತಂದರು. ಒಂದು ದೊಡ್ಡದು, ಒಂದು ಸಣ್ಣದು. ಒಂದರ ಮೇಲೊಂದು ಕೂರವು. ತಳ ಗುಂಡಗಿದ್ದು ಮೇಜಿನ ಮೇಲೆ ಉರುಳಾಡುತ್ತವೆ. ನಾನು ಆರಿಸಿ, ಬೇಡದ್ದನ್ನು ಬುಟ್ಟಿಯಲ್ಲಿಟ್ಟು ವಾಪಸು ಕೊಟ್ಟೆ. ಕಾಕಾ ಮಾತಾಡದೆ ಹೋದರು. ಮತ್ತೆ ಬಂದಾಗ ಒಂದು ಕಡ್ಡಿ ತಂದಿದ್ದರು. ‘ಎಷ್ಟು ಅಗಲ ಬೇಕು, ಇದರ ಮೇಲೆ ಗೆರೆ ಎಳೆದು ಕೊಡು’ ಎಂದರು. ಆ ಕಡ್ಡಿ ಈಗಲೂ ಅವರ ತಿಗರಿಯ ಬದಿಗಿದೆ. ತಳಕ್ಕೆ ಉಂಗುರದಂತೆ ಏಣು ಬಂತು. ಅಂಚು ದಪ್ಪವಾಯಿತು, ತೊಳೆಯುವಾಗ ಚಕ್ಕೆ ಏಳುವುದು ನಿಂತಿತು. ತುಟಿಗೆ ತಾಗುವ ಜಾಗ ಒರಟಾಗಿದ್ದರೆ ಮಜ್ಜಿಗೆ ಕುಡಿಯುವಾಗ ತುಟಿ ಅಂಟಿಕೊಳ್ಳುತ್ತದೆ ಎಂದು ಹೇಳಿದೆ. ಆ ತೊಂದರೆಯನ್ನು ಬಗೆಹರಿಸಿದವರು ಕಾಕಾ ಅಲ್ಲ, ಅವರ ಹೆಂಡತಿ. ಅರೆಒಣಗಿದ ಕುಡಿಕೆಯ ಅಂಚನ್ನು ಹೊಳೆಯಲ್ಲಿ ಸಿಗುವ ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತಂದರು. ಬಣ್ಣವಿಲ್ಲ, ಎಣ್ಣೆಯಿಲ್ಲ, ಬರೀ ಕಲ್ಲಿನ ಒತ್ತು. ಬಟ್ಟಲಿಗೆ ಸ್ಟೀಲಿನ ಚಮಚ ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಒಬ್ಬ ಗಿರಾಕಿ ದೂರಿದರು. ಅದಕ್ಕೆ ಕೈಯಿಂದ ಉಣ್ಣಿ ಎಂಬ ಉತ್ತರ ನನ್ನದೇ.

ಮಣ್ಣಿನ ಕಥೆ ಬೇರೆ. ನಮ್ಮ ಕಡೆಯ ಎರೆಮಣ್ಣಿನಿಂದ ಪಾತ್ರೆಯಾಗುವುದಿಲ್ಲ. ಒಣಗುವಾಗ ಅದು ಹೊಲದಲ್ಲಿ ಬಿಡುವಂತೆಯೇ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ದಂಡೆಯಲ್ಲಿ ಕೂತ ಹೂಳನ್ನು ಕಾಕಾ ಎತ್ತಿ ತರುತ್ತಾರೆ. ಅದಕ್ಕೆ ಕೆಮ್ಮಣ್ಣು, ಸಣ್ಣ ಮರಳು, ಜರಡಿ ಹಿಡಿದ ಬೂದಿ ಸೇರಿಸಿ ತುಳಿಯುತ್ತಾರೆ. ಆಲಮಟ್ಟಿ ತುಂಬಿ ನೀರು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಂತಾಗ ಅವರ ಮಣ್ಣಿನ ಜಾಗ ನೀರೊಳಗೆ. ಆದ್ದರಿಂದ ವರ್ಷದ ಮಣ್ಣನ್ನು ಎರಡು ಮೂರು ತಿಂಗಳಲ್ಲಿ ಕೂಡಿಡಬೇಕು. ಇಟ್ಟಿಗೆ ಭಟ್ಟಿಯವರು ಲಾರಿ ತಂದು ಅದೇ ಮಣ್ಣನ್ನು ತುಂಬುತ್ತಾರೆ, ಕಾಕಾ ಬುಟ್ಟಿ ತಂದು ತುಂಬುತ್ತಾರೆ. ಯಾರಿಗೆ ಎಷ್ಟು ಸಿಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕೆರೆಗಳ ಹೂಳೆತ್ತುವಾಗ ಜಿಗುಟು ಮಣ್ಣಿನ ಒಂದು ಪಾಲನ್ನು ಆಯಾ ಊರಿನ ಕುಂಬಾರರಿಗೆ ಮೀಸಲಿಡಲು ಪಂಚಾಯಿತಿಗಳಿಗೆ ದೊಡ್ಡ ಖರ್ಚೇನೂ ಬರುವುದಿಲ್ಲ.

ಸುಡುವುದು ಇನ್ನೂ ದೊಡ್ಡ ಕೆಲಸ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಬಳ್ಳಾರಿ ಜಾಲಿ, ಕುಳ್ಳು, ಮುಧೋಳ ಕಡೆಯಿಂದ ಬರುವ ಕಬ್ಬಿನ ರವದಿ, ಇವೇ ಇಂಧನ. ಮೊದಲು ಹೊಗೆಯಷ್ಟೇ ಬರುವ ಸಣ್ಣ ಉರಿ ಕೊಡಬೇಕು. ಅವಸರ ಮಾಡಿದರೆ ಮಣ್ಣಿನಲ್ಲಿ ಉಳಿದ ತೇವ ಆವಿಯಾಗಿ ಪಾತ್ರೆಯನ್ನು ಸೀಳಿ ಹೊರಬರುತ್ತದೆ. ಆವಿಗೆಯೊಳಗಿಂದ ಪಟಾಕಿ ಸಿಡಿದ ಸದ್ದು ಕೇಳುತ್ತದೆ. 573 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮರಳಿನ ಹರಳುಗಳು ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತವೆ. ಅದಕ್ಕೇ ಸುಟ್ಟ ಮರುದಿನವೇ ಆವಿಗೆ ಕೆದಕಬಾರದು. ಕಾಕಾಗೆ ಈ ಅಂಕಿ ಗೊತ್ತಿಲ್ಲ, ಕೆದಕಬಾರದೆಂಬುದು ಗೊತ್ತು. ಇಂಥ ಬಯಲು ಆವಿಗೆಯ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಉರಿ ನಾಲಿಗೆ ಚಾಚಿದ ಕಡೆ ಕಪ್ಪು ಮಚ್ಚೆ, ಉಳಿದ ಕಡೆ ಕೆಂಪು. ಯಾವ ಎರಡು ಬಟ್ಟಲೂ ಒಂದೇ ಥರ ಇರುವುದಿಲ್ಲ. ಗಿರಾಕಿಗಳು ಮಚ್ಚೆಯನ್ನು ಕೊಳೆ ಎಂದು ಭಾವಿಸಿ ಉಗುರಿನಿಂದ ಕೆರೆಯುತ್ತಾರೆ.

ಕಟ್ಟಿಗೆಯ ಉರಿಯಲ್ಲಿ ಸುಟ್ಟ, ನೀರು ಎಣ್ಣೆ ಯಾವುದನ್ನೂ ಹೀರದ, ಕಲ್ಲಿನಷ್ಟು ಗಟ್ಟಿಯಾದ ಊಟದ ಪಾತ್ರೆಗಳೂ ಇವೆ. ಅವಕ್ಕೆ ಬೇರೆ ಮಣ್ಣು, ಕಟ್ಟಿದ ಕುಲುಮೆ, 1200 ಡಿಗ್ರಿಗೂ ಮೀರಿದ ಶಾಖ ಬೇಕು. ಅಷ್ಟು ಶಾಖದಲ್ಲಿ ಕಟ್ಟಿಗೆಯ ಬೂದಿ ಹಾರಿ ಪಾತ್ರೆಯ ಮೇಲೆ ಕೂತು ಕರಗಿ ಗಾಜಾಗುತ್ತದೆ. ಹಸಿರು, ಕಂದು ಹೊಳಪು ತಾನಾಗಿ ಬರುತ್ತದೆ. ನಮ್ಮ ಆವಿಗೆಯಲ್ಲಿ ಅದೇ ಬೂದಿ ಊದಿದರೆ ಹಾರಿಹೋಗುತ್ತದೆ. ಹಾಗೆಂದು ಕಾಕಾ ಉರಿ ಹೆಚ್ಚಿಸಿದರೆ ಆಗದು. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಮಣ್ಣು ಅಷ್ಟು ಶಾಖಕ್ಕೆ ಉಬ್ಬಿ, ಸೊರಗಿ ಕುಸಿಯುತ್ತದೆ. ಅಂಥ ಬಟ್ಟಲೊಂದಕ್ಕೆ ದೊಡ್ಡ ಊರುಗಳಲ್ಲಿ ಐನೂರು, ಆರುನೂರು ರೂಪಾಯಿ ಕೇಳುತ್ತಾರೆ. ಕಟ್ಟಿಗೆ, ಕೂಲಿ, ಒಡೆದು ಹೋದವುಗಳ ಲೆಕ್ಕ ಹಾಕಿದರೆ ಅದು ಸುಲಿಗೆಯೇನಲ್ಲ. ಆದರೆ ಕಾಕಾ ಬಟ್ಟಲಿಗೆ ನಾನು ಕೊಡುವುದು ನಲವತ್ತು. ನಲವತ್ತಕ್ಕೂ ಆರುನೂರಕ್ಕೂ ನಡುವಿನ ಬಟ್ಟಲು ಎಲ್ಲಿದೆ? ಚೆನ್ನಾಗಿ ಅರೆದ ಮಣ್ಣು, ಸಮನಾದ ಉರಿ, ಹೊಂದಿಕೊಳ್ಳುವ ಅಳತೆ ಇರುವ, ನೂರು ರೂಪಾಯಿಯ ಬಟ್ಟಲು? ಮಧ್ಯಮ ವರ್ಗದ ಮನೆಯ ಊಟಕ್ಕೆ ಬೇಕಾದದ್ದು ಅದೇ. ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ಅಲ್ಲಿನ ಮಣ್ಣಿಗೆ ಹೆಸರೂ ಇದೆ. ನಮ್ಮ ದಂಡೆಯ ಮಣ್ಣನ್ನು ಪರೀಕ್ಷಿಸಿ, ಯಾವುದನ್ನು ಎಷ್ಟು ಬೆರೆಸಿದರೆ ಬಟ್ಟಲಿಗೆ ಒಗ್ಗುತ್ತದೆ ಎಂದು ಹೇಳಿಕೊಡಲು ಅದಕ್ಕಿಂತ ಹತ್ತಿರದ ಜಾಗ ಬೇಕೆ?

ತೊಳೆಯುವ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಜನ ಮಣ್ಣಿನ ಪಾತ್ರೆ ಕೊಂಡು ತಿಂಗಳೊಳಗೆ ಅಟ್ಟಕ್ಕೆ ಹಾಕುವುದು ಇದರಿಂದಲೇ. ಮೆರುಗಿಲ್ಲದ ಮಣ್ಣಿನ ಬಟ್ಟಲನ್ನು ಸಾಬೂನಿನ ನೀರಿನಲ್ಲಿ ನೆನೆಹಾಕಬಾರದು. ಎಣ್ಣೆ ಹೀರುವ ರಂಧ್ರ ಸಾಬೂನನ್ನೂ ಹೀರುತ್ತದೆ, ಮರುದಿನ ಮೊಸರಿನಲ್ಲಿ ಅದರ ವಾಸನೆ. ಕುದಿನೀರು, ಕಡಲೆಹಿಟ್ಟು ಅಥವಾ ಬೂದಿ, ತೆಂಗಿನ ನಾರು, ಆಮೇಲೆ ಕಡುಬಿಸಿಲು. ಮುಚ್ಚಿಟ್ಟರೆ ಬೂಸು ಹಿಡಿಯುತ್ತದೆ. ಹೊಸದನ್ನು ಒಂದು ರಾತ್ರಿ ನೀರಿನಲ್ಲಿಟ್ಟು, ಗಂಜಿ ಕಾಯಿಸಿ ಹೊಯ್ದು ಪಳಗಿಸಬೇಕು. ಮೊಸರಿನದು ಮೊಸರಿಗೇ, ಪಲ್ಯದ್ದು ಪಲ್ಯಕ್ಕೇ ಇರಲಿ. ಎಣ್ಣೆಗಾಯಿಯನ್ನು ಮಾತ್ರ ನಾನು ಮಣ್ಣಿಗೆ ಹಾಕುವುದಿಲ್ಲ. ಅದರ ಎಣ್ಣೆ ಒಳಗಿಳಿದು ಮುಗ್ಗಲು ನಾತ ಬಂದರೆ ಯಾವ ಬಿಸಿಲೂ ತೆಗೆಯದು. ಅಡುಗೆಮನೆ ನೋಡಲು ಬಂದಿದ್ದ ಅಧಿಕಾರಿಯೊಬ್ಬರು ಇದೆಲ್ಲ ಕೇಳಿ, ‘ಇಷ್ಟು ತಲೆನೋವು ಯಾಕಮ್ಮ, ಪೇಪರ್ ಕಪ್ ಇಟ್ಟುಬಿಡಿ’ ಎಂದರು. ಆ ಕಪ್ಪಿನ ಒಳಮೈಗೆ ಮೆತ್ತಿರುವುದು ಪ್ಲಾಸ್ಟಿಕ್ ಪದರ ಎಂದು ಅವರಿಗೆ ನಾನು ಹೇಳಬೇಕಾಯಿತು.

ಹೊಳಪಿನ ಬಗ್ಗೆಯೂ ಎಚ್ಚರ. ಜಾತ್ರೆಯಲ್ಲಿ, ಹೆದ್ದಾರಿಯ ಬದಿಯಲ್ಲಿ ಥಳಥಳಿಸುವ ಕೆಂಪು ಗಡಿಗೆಗಳಿಗೆ ಎಷ್ಟೋ ಸಲ ಬಳಿದಿರುವುದು ಬಾಗಿಲಿಗೆ ಹಚ್ಚುವ ಬಣ್ಣ, ವಾರ್ನಿಶ್. ಅದು ರಂಧ್ರ ಮುಚ್ಚುತ್ತದೆ, ನೀರು ತಣ್ಣಗಾಗುವುದಿಲ್ಲ, ಬಿಸಿ ಸಾರು ಹಾಕಿದರೆ ಏಳುತ್ತದೆ. ಇನ್ನು ಅಗ್ಗದ ಗಾಜುಮೆರುಗಿನಲ್ಲಿ ಸೀಸ ಇರಬಹುದು. ಹುಣಸೆ, ಪುಂಡಿ, ಮಜ್ಜಿಗೆಯಂಥ ಹುಳಿ ಪದಾರ್ಥ ಅದನ್ನು ಕರಗಿಸಿ ಹೊಟ್ಟೆಗೆ ಸೇರಿಸುತ್ತದೆ. ಮಕ್ಕಳಿಗೆ ಅದು ವಿಷ. ಕಣ್ಣಿನಿಂದ ನೋಡಿ ಸೀಸ ಗುರುತಿಸಲಾಗದು. ಮೆರುಗಿನಲ್ಲಿ ಏನು ಹಾಕಿದ್ದೀರಿ ಎಂದು ಕೇಳಿದಾಗ ಉತ್ತರಿಸಲಾಗದವರ ಬಟ್ಟಲಿನಲ್ಲಿ ಉಣ್ಣಬೇಡಿ, ಹೂವಿಡಿ.

‘ಮಣ್ಣಿನ ಕಪ್ ಎಸೆದರೆ ಮಣ್ಣಿಗೆ ಮಣ್ಣಾಗುತ್ತದೆ’ ಎಂಬ ಮಾತನ್ನೂ ದಯವಿಟ್ಟು ಅಚ್ಚು ಹಾಕಬೇಡಿ. 600 ಡಿಗ್ರಿ ದಾಟಿ ಬೆಂದ ಮಣ್ಣು ಮತ್ತೆ ನೀರಿನಲ್ಲಿ ಕಲಸಿದರೆ ಮುದ್ದೆಯಾಗುವುದಿಲ್ಲ. ಹಾಗಾಗುವಂತಿದ್ದರೆ ಉತ್ಖನನದವರಿಗೆ ಒಂದು ಬೋಕಿಯೂ ಸಿಗುತ್ತಿರಲಿಲ್ಲ. ಅದು ಪ್ಲಾಸ್ಟಿಕ್ಕಿನಂತೆ ಕೆಡುಕು ಮಾಡದು, ಅಷ್ಟೇ. 2004ರಲ್ಲಿ ರೈಲ್ವೆ ಸಚಿವರಾಗಿದ್ದ ಲಾಲೂ ಪ್ರಸಾದ್ ಅವರು ನಿಲ್ದಾಣಗಳಲ್ಲಿ ಮಣ್ಣಿನ ಕುಡಿಕೆಯ ಚಹಾ ತಂದಾಗ ನಾವೆಲ್ಲ ಸಂತೋಷಪಟ್ಟೆವು. ಕೆಲವೇ ವರ್ಷಗಳಲ್ಲಿ ಕಾಗದದ ಕಪ್ಪು ಅದನ್ನು ಹಿಂದೆ ಹಾಕಿತು. ಆಮೇಲೆಯೂ ಅಂಥ ಪ್ರಯತ್ನ ನಡೆದಿದೆ. ಒಂದೇ ಗುಟುಕಿಗೆ ಎಸೆಯುವ ಕುಡಿಕೆಯಲ್ಲಿ ಸ್ಪರ್ಧೆ ಇರುವುದು ಪೈಸೆಯದು, ಗುಣದ್ದಲ್ಲ. ಅದರಿಂದ ಕುಂಬಾರರ ಕೈ ಪಳಗುವುದಿಲ್ಲ, ಸವೆಯುತ್ತದೆ. ಮೇಲಿನ ಪದರದ ಒಳ್ಳೆಯ ಮಣ್ಣೂ ಕಟ್ಟಿಗೆಯೂ ತಿಪ್ಪೆಗೆ ಹೋಗುತ್ತವೆ. ನನಗೆ ಬೇಕಾದದ್ದು ಎಸೆಯದ ಬಟ್ಟಲು. ಒಡೆಯುತ್ತದೆಯಲ್ಲ ಎನ್ನುತ್ತಾರೆ. ಒಡೆಯುತ್ತದೆ. ಒಡೆದಷ್ಟನ್ನು ಕಾಕಾ ಮುಂದಿನ ಆವಿಗೆಯಲ್ಲಿ ತುಂಬಿಕೊಡುತ್ತಾರೆ. ಆ ದುಡ್ಡನ್ನು ನಾನು ಊಟದ ಬೆಲೆಯಲ್ಲಿಯೇ ಸೇರಿಸಿದ್ದೇನೆ. ಯಾವ ಗಿರಾಕಿಯೂ ಅದಕ್ಕಾಗಿ ಎದ್ದುಹೋಗಿಲ್ಲ.

ಯೋಜನೆಗಳ ಮಾತು, ಬೇಕಾದರೆ ಕತ್ತರಿಸಿ ಎಂದೆನಲ್ಲ, ಇಲ್ಲಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿ, ತರಬೇತಿಯಲ್ಲಿ ದಿನಕ್ಕೆ 500, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ಒಳ್ಳೆಯದೇ. ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಎಂಬ ನಿಯಮವಿದೆ. ಕುಂಬಾರರ ಮನೆಯಲ್ಲಿ ಮಣ್ಣು ತುಳಿಯುವುದು, ಜರಡಿ ಹಿಡಿಯುವುದು, ಕಲ್ಲಿನಿಂದ ತಿಕ್ಕುವುದು, ಕಾವಿ ಹಚ್ಚುವುದು, ಸಂತೆಗೆ ಹೊತ್ತು ಮಾರುವುದು ಬಹುಪಾಲು ಹೆಂಗಸರು. ತಿಗರಿಗೆ ಕೂರುವುದು ಗಂಡಸು. ಅರ್ಜಿಯಲ್ಲಿ ಯಾರ ಹೆಸರು ಹೋಗುತ್ತದೆ ಊಹಿಸಿ. ಕರೆಂಟಿನ ತಿಗರಿ ಬಂದರೆ ಗಡಿಗೆ ಬೇಗ ಆಗುತ್ತದೆ, ಒಪ್ಪುತ್ತೇನೆ. ಬೇಗ ಆದ ಗಡಿಗೆಯನ್ನು ಸುಡುವುದೆಲ್ಲಿ? ಪುನರ್ವಸತಿಯ ನಿವೇಶನಗಳಲ್ಲಿ ಆವಿಗೆಗೆ ಜಾಗವಿಲ್ಲ. ಹೊಗೆಗೆ ನೆರೆಯವರು ದೂರುತ್ತಾರೆ, ಅವರ ದೂರಿನಲ್ಲಿ ತಪ್ಪೂ ಇಲ್ಲ. ಊರ ಹೊರಗೆ ಹಂಚಿಕೊಂಡು ಸುಡುವ ಒಂದು ಜಾಗ, ಮಳೆ ತಾಗದ ಒಂದು ಚಪ್ಪರ, ಹೊಗೆ ಕಡಿಮೆ ಮಾಡುವಂತೆ ಕಟ್ಟಿದ ಒಂದು ಭಟ್ಟಿ. ಕೇಳುವುದಾದರೆ ಸರ್ಕಾರವನ್ನು ಇದನ್ನು ಕೇಳಿ.

ಕಳೆದ ವರ್ಷ ಊರಿನ ಒಂದು ದೊಡ್ಡ ಸಮಾರಂಭಕ್ಕೆ ಕಾಕಾ ಅವರನ್ನು ಕರೆದಿದ್ದರು. ವೇದಿಕೆಯ ಪಕ್ಕ ತಿಗರಿ ತಿರುಗಿಸಿ ತೋರಿಸಬೇಕು, ‘ನಶಿಸುತ್ತಿರುವ ಕಲೆ’. ಗಣ್ಯರೊಬ್ಬರು ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದು ಭಾಷಣ ಮಾಡಿದರು. ಈ ಗಾದೆಯನ್ನು ಬಿಟ್ಟು ಕುಂಬಾರರ ಬಗ್ಗೆ ಭಾಷಣ ಮಾಡಬಲ್ಲವರನ್ನು ನಾನು ಇನ್ನೂ ಕಂಡಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ಪಟ ತೆಗೆಸಿಕೊಂಡರು. ಮಧ್ಯಾಹ್ನ ಕಾಕಾ ಸಮೇತ ಎಲ್ಲರೂ ಉಂಡದ್ದು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಮಜ್ಜಿಗೆ ಬಂದದ್ದು ಪ್ಲಾಸ್ಟಿಕ್ ಲೋಟದಲ್ಲಿ. ಆ ಮಜ್ಜಿಗೆಗೆ ಕುಡಿಕೆ ಬೇಕೆಂದು ಒಂದು ತಿಂಗಳ ಮೊದಲು ಕಾಕಾಗೆ ಹೇಳಿದ್ದರೆ ಶಾಲಿನ ಅಗತ್ಯವೇ ಇರಲಿಲ್ಲ. ಶಾಲನ್ನು ಅವರು ಹಸಿ ಬಟ್ಟಲುಗಳಿಗೆ ಗಾಳಿ ತಾಗದಂತೆ ಹೊದಿಸಲು ಬಳಸುತ್ತಿದ್ದಾರೆ. ಅದಕ್ಕೆ ಚೆನ್ನಾಗಿದೆಯಂತೆ.

ಮದುವೆ ಮನೆಯವರು, ಖಾನಾವಳಿಯವರು, ಕಚೇರಿಗಳ ಕ್ಯಾಂಟೀನಿನವರು ಕುಂಬಾರರಿಗೆ ಅಳತೆ ಕೊಟ್ಟು, ಮುಂಗಡ ಕೊಟ್ಟು, ಸರಿಯಿಲ್ಲದ್ದನ್ನು ವಾಪಸು ಮಾಡಿ, ಸರಿಯಿದ್ದದ್ದಕ್ಕೆ ಚೌಕಾಸಿ ಮಾಡದೆ ದುಡ್ಡು ಎಣಿಸಲಿ. ಮನೆಯವರು ಪ್ರದರ್ಶನದ ಕಪಾಟಿನಿಂದ ಬಟ್ಟಲನ್ನು ಇಳಿಸಿ ಮೊಸರು ಹೆಪ್ಪು ಹಾಕಲಿ, ಸೋರಿದರೆ ಹೋಗಿ ಬಯ್ಯಲಿ. ‘ಪಾಪ, ಬಡವರು’ ಎಂದು ಸೋರುವ ಗಡಿಗೆ ಕೊಂಡು ಮನೆಯ ಮೂಲೆಯಲ್ಲಿಡುವವರಿಂದ ಕಾಕಾಗೆ ಒಂದು ದಿನದ ದುಡ್ಡು ಸಿಗುತ್ತದೆ, ಮುಂದಿನ ಗಡಿಗೆಯೂ ಸೋರುತ್ತದೆ.

ನಿಮ್ಮ ವರದಿಗಾರರು ಮುಂದಿನ ಬೇಸಿಗೆಗೆ ಗಡಿಗೆಯ ಸುದ್ದಿಗೆ ಹೊರಡುವಾಗ ತಿಗರಿ ತಿರುಗಿಸುವ ದಿನ ಹೋಗುವುದು ಬೇಡ. ಆವಿಗೆ ತೆಗೆಯುವ ದಿನ, ಬೆಳಗ್ಗೆ ಬೂದಿ ಇನ್ನೂ ಬೆಚ್ಚಗಿರುವಾಗ ಹೋಗಲಿ. ಹಾಕಿದ್ದು ಎಷ್ಟು, ಒಡೆದದ್ದು ಎಷ್ಟು, ಅರೆಬೆಂದದ್ದು ಎಷ್ಟು, ಕಟ್ಟಿಗೆಗೆ ಎಷ್ಟು ಹೋಯಿತು, ಕಳೆದ ಸಲ ಕೊಂಡವರು ಏನು ದೂರಿದರು ಎಂದು ಕೇಳಲಿ. ಕಾಕಾ ಉತ್ತರಿಸುತ್ತಾರೆ, ಅವರ ಹೆಂಡತಿ ಇನ್ನೂ ಖಚಿತವಾಗಿ ಉತ್ತರಿಸುತ್ತಾರೆ. ಬರುವ ಮೊದಲು ಖಾನಾವಳಿಗೆ ತಿಳಿಸಿದರೆ ಆವಿಗೆಯ ದಿನ ವಿಚಾರಿಸಿ ಹೇಳುತ್ತೇನೆ. ಕ್ಯಾಮೆರಾಗಿಂತ ಮೊದಲು ಬೆರಳ ಗೆಣ್ಣು ಬಳಸುವವರನ್ನು ಕಳುಹಿಸಿ.

ಇತಿ,
ಖಾನಾವಳಿಯ ಒಡತಿ
(ಹೆಸರು ಪ್ರಕಟಿಸುವುದು ಬೇಡ)
ನವನಗರ, ಬಾಗಲಕೋಟೆ